ಸಕ್ಕರೆ ಕಾಯಿಲೆಯವರ ಎಸ್‌ಜಿಪಿಟಿ ಏರಿದಾಗ: ಎಲ್ಲಿಂದ ಹುಡುಕಬೇಕು, ಯಾವ ಕ್ರಮದಲ್ಲಿ

ಎಸ್‌ಜಿಪಿಟಿ, ಎಸ್‌ಜಿಒಟಿ ಎಂದರೆ ಜೀವಕೋಶಕ್ಕೆ ಪೆಟ್ಟಾದಾಗ ರಕ್ತಕ್ಕೆ ಸೋರುವ, ಲಿವರ್ ಪರೀಕ್ಷೆಯಲ್ಲಿ ಅಳೆಯುವ ಎರಡು ಎಂಜೈಮುಗಳು. ಎರಡನೇ ವಿಧದ ಸಕ್ಕರೆ ಕಾಯಿಲೆ ಇರುವವರ ವಾರ್ಷಿಕ ತಪಾಸಣೆಯಲ್ಲಿ ಎಸ್‌ಜಿಪಿಟಿ 62, ಎಸ್‌ಜಿಒಟಿ 46 ಎಂದು ಬಂದರೆ ನಮ್ಮ ಕಾಸರಗೋಡಿನ ಕಡೆ ಸಾಮಾನ್ಯವಾಗಿ ಎರಡು ಕೆಲಸ ನಡೆಯುತ್ತದೆ. ಕೊಲೆಸ್ಟರಾಲಿನ ಮಾತ್ರೆ ನಿಲ್ಲುತ್ತದೆ, ನೆಲನೆಲ್ಲಿಯ ಕಷಾಯ ಶುರುವಾಗುತ್ತದೆ. ಮಾತ್ರೆ ನಿಲ್ಲಿಸಿದ್ದರಿಂದ ಹೃದಯಕ್ಕೆ ಇದ್ದ ಕಾವಲು ಹೋಗುತ್ತದೆ. ಕಷಾಯ ಶುರುಮಾಡಿದ್ದರಿಂದ ಮುಂದಿನ ವರದಿ ಓದಲಾರದಂತಾಗುತ್ತದೆ: ಅಂಕಿ ಇಳಿದರೆ ಯಾವುದರಿಂದ ಇಳಿಯಿತು, ಏರಿದರೆ ಯಾವುದರಿಂದ ಏರಿತು ಎಂದು ಯಾರೂ ಹೇಳಲಾರರು.

ಮಂಜೇಶ್ವರದಿಂದ ಬದಿಯಡ್ಕ, ಮುಳ್ಳೇರಿಯದವರೆಗಿನ ಸಕ್ಕರೆ ಕಾಯಿಲೆಯವರು, ಅವರ ಮನೆಮಂದಿ, ಆಶಾ ಕಾರ್ಯಕರ್ತೆಯರು ವೈದ್ಯರ ಬಳಿಗೆ ಸರಿಯಾದ ಮಾಹಿತಿಯೊಂದಿಗೆ ಹೋಗಲಿ ಎಂದು ಈ ಕ್ರಮವನ್ನು ಬರೆದಿದೆ. ಕೇಳಬೇಕಾದ ಪ್ರಶ್ನೆ ಎರಡೇ. ಎಂಜೈಮು ಸೋರುತ್ತಿರುವುದು ಯಾವ ಕಾರಣಕ್ಕೆ? ಲಿವರಿನಲ್ಲಿ ಈಗಾಗಲೇ ನಾರು (ಗಾಯದ ಕಲೆಯಂಥ ಗಟ್ಟಿ ಅಂಗಾಂಶ) ಎಷ್ಟು ಕಟ್ಟಿದೆ? ಎಸ್‌ಜಿಪಿಟಿಯ ಅಂಕಿ ಎರಡನೆಯ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಅದಕ್ಕೆ ಬೇರೆ ಲೆಕ್ಕ ಇದೆ, ಮುಂದೆ ಬರುತ್ತದೆ.

ಕಾಯದೆ ಹೊರಡಬೇಕಾದ ಸಂದರ್ಭ

ಕಣ್ಣು ಹಳದಿಯಾಗಿದ್ದರೆ, ಮೂತ್ರ ಕಟು ಚಹಾದ ಬಣ್ಣಕ್ಕೆ ತಿರುಗಿದ್ದರೆ, ಮಾತು ತಡವರಿಸುತ್ತಿದ್ದರೆ, ಹಗಲು ಹೊತ್ತೂ ತೂಕಡಿಕೆ ಹತ್ತುತ್ತಿದ್ದರೆ, ಡಾಮರಿನಂತೆ ಕಪ್ಪು ಮಲ ಹೋಗುತ್ತಿದ್ದರೆ, ಹೊಟ್ಟೆಯಲ್ಲಿ ನೀರು ತುಂಬಿದ್ದರೆ ಅದೇ ದಿನ ಆಸ್ಪತ್ರೆ. ವರದಿಯಲ್ಲಿ ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತಿನ ಅಳತೆಯಾದ ಐಎನ್ಆರ್ 1.5 ದಾಟಿದ್ದರೂ ಹಾಗೆಯೇ, ರಕ್ತ ತೆಳು ಮಾಡುವ ಮಾತ್ರೆ ತಿನ್ನುವವರ ವಿಷಯ ಬೇರೆ. ಮಾತ್ರೆಯಿಂದ ಲಿವರಿಗೆ ಪೆಟ್ಟಾಗಿ ಎಸ್‌ಜಿಪಿಟಿ ಮೂರು ಪಟ್ಟು, ಕಾಮಾಲೆಯ ಹಳದಿ ತರುವ ಬಿಲಿರುಬಿನ್ ಎರಡು ಪಟ್ಟು (ಲ್ಯಾಬಿನ ಮೇಲ್ಮಿತಿಗೆ ಹೋಲಿಸಿ) ಒಟ್ಟಿಗೆ ಏರಿದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಪ್ರಾಣಾಪಾಯ ಇರುತ್ತದೆ. ಇದಾವುದೂ ಇಲ್ಲದೆ ಎಂಜೈಮು ಮಾತ್ರ ಎರಡು ಮೂರು ಪಟ್ಟಿನೊಳಗೆ ಏರಿದ್ದರೆ ಗಾಬರಿ ಬೇಡ, ಕ್ರಮವಾಗಿ ಹುಡುಕಲು ಸಮಯ ಇದೆ.

ಮೊದಲು ವರದಿಯನ್ನೇ ಅನುಮಾನಿಸಿ

ಎಸ್‌ಜಿಪಿಟಿ, ಅಂದರೆ ಎಎಲ್‌ಟಿ, ಹೆಚ್ಚಾಗಿ ಲಿವರಿನದೇ. ಎಸ್‌ಜಿಒಟಿ, ಅಂದರೆ ಎಎಸ್‌ಟಿ, ಹಾಗಲ್ಲ: ಸ್ನಾಯು, ಹೃದಯ, ಕೆಂಪು ರಕ್ತಕಣ ಎಲ್ಲದರಲ್ಲೂ ಇದೆ. ಹಾಗಾಗಿ ತೋಟದ ಕೆಲಸದವರ ವರದಿಯಲ್ಲಿ ಎಸ್‌ಜಿಒಟಿ ಮಾತ್ರ ಮುಂದೆ ಇದ್ದರೆ ಹಿಂದಿನ ವಾರ ಏನು ಮಾಡಿದ್ದರು ಎಂದು ಕೇಳಿ. ಕೊಳೆರೋಗಕ್ಕೆ ಮದ್ದು ಬಿಡಲು ದಿನವಿಡೀ ಅಡಿಕೆ ಮರ ಹತ್ತಿದ್ದರೆ, ತೆಂಗಿನ ಬುಡ ಬಿಡಿಸಿದ್ದರೆ, ಕಲ್ಲು ಹೊತ್ತಿದ್ದರೆ ಸ್ನಾಯುವಿನಿಂದಲೇ ಅಷ್ಟು ಸೋರಬಹುದು. ಸಿಪಿಕೆ ಎಂಬ ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದೆ; ಅದು ಏರಿದ್ದರೆ ಮೂಲ ಸ್ನಾಯು. ಒಂದು ವಾರ ಭಾರದ ಕೆಲಸ ಬಿಟ್ಟು ಪುನಃ ರಕ್ತ ಕೊಡಿ.

ರಕ್ತ ತೆಗೆಯುವಾಗ ಸೂಜಿ ಸರಿ ಕೂರದೆ ಕಣಗಳು ಒಡೆದರೂ, ಸಂಗ್ರಹ ಕೇಂದ್ರದಿಂದ ಲ್ಯಾಬಿಗೆ ಹೋಗುವ ದಾರಿಯಲ್ಲಿ ಸ್ಯಾಂಪಲ್ ಕುಲುಕಿ ಒಡೆದರೂ ಎಸ್‌ಜಿಒಟಿ ಸುಳ್ಳೇ ಏರುತ್ತದೆ. ಅದೇ ವರದಿಯಲ್ಲಿ ಪೊಟ್ಯಾಶಿಯಮ್ ಕೂಡ ಕಾರಣವಿಲ್ಲದೆ ಏರಿದ್ದರೆ ಈ ಅನುಮಾನ ಗಟ್ಟಿ.

ಲ್ಯಾಬಿನ ಮಿತಿಯೂ ಒಂದು ತೊಡಕು. ಕುಂಬಳೆಯ ಒಂದು ಲ್ಯಾಬು 40 ಎಂದು ಅಚ್ಚು ಹಾಕಿದ್ದರೆ ಮಂಗಳೂರಿನ ಇನ್ನೊಂದು 50 ಎಂದು ಹಾಕಿರಬಹುದು, ಏಕೆಂದರೆ ಯಂತ್ರ ಬೇರೆ, ವಿಧಾನ ಬೇರೆ. ನಿಜವಾಗಿ ಆರೋಗ್ಯವಂತರ ಎಸ್‌ಜಿಪಿಟಿ ಗಂಡಸರಲ್ಲಿ 29ರಿಂದ 33ರೊಳಗೆ, ಹೆಂಗಸರಲ್ಲಿ 19ರಿಂದ 25ರೊಳಗೆ ಇರಬೇಕು ಎಂಬುದು ಲಿವರ್ ತಜ್ಞರ ಅಳತೆ. ಆದ್ದರಿಂದ ಸಕ್ಕರೆ ಕಾಯಿಲೆ ಇರುವ ಹೆಂಗಸಿಗೆ 38 ಬಂದು, ಪಕ್ಕದಲ್ಲಿ ನಕ್ಷತ್ರದ ಗುರುತು ಇಲ್ಲದಿದ್ದರೂ, ಅದನ್ನು ಸರಿ ಎಂದು ಬದಿಗಿಡಬೇಡಿ. ಪುನಃ ಪರೀಕ್ಷೆ ಎರಡರಿಂದ ನಾಲ್ಕು ವಾರದಲ್ಲಿ, ಅದೇ ಲ್ಯಾಬಿನಲ್ಲಿ. ಬೇರೆ ಲ್ಯಾಬಿನ 52ನ್ನೂ ಈ ಲ್ಯಾಬಿನ 60ನ್ನೂ ಹೋಲಿಸಿ ಇಳಿಯಿತೆಂದು ಸಮಾಧಾನಪಟ್ಟರೆ ಅದಕ್ಕೆ ಆಧಾರ ಇಲ್ಲ.

ಯಾವುದು ಎಷ್ಟು ಏರಿದೆ

ಎಸ್‌ಜಿಪಿಟಿಯನ್ನು ಅದರ ಮೇಲ್ಮಿತಿಯಿಂದ ಭಾಗಿಸಿ. ಪಿತ್ತನಾಳ, ಮೂಳೆಗಳಿಂದ ಬರುವ ಆಲ್ಕಲೈನ್ ಫಾಸ್ಫಟೇಸ್ ಎಂಬ ಎಂಜೈಮನ್ನು ಅದರ ಮೇಲ್ಮಿತಿಯಿಂದ ಭಾಗಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದಾಗ 5 ಅಥವಾ ಹೆಚ್ಚು ಬಂದರೆ ಪೆಟ್ಟು ಲಿವರಿನ ಜೀವಕೋಶಕ್ಕೆ. 2 ಅಥವಾ ಕಡಿಮೆ ಬಂದರೆ ಪಿತ್ತದ ಹರಿವಿಗೆ ತಡೆ. ನಡುವೆ ಬಂದರೆ ಎರಡರ ಮಿಶ್ರಣ. ಎಸ್‌ಜಿಪಿಟಿ 310 ಇದ್ದು ಮಿತಿ 40, ಫಾಸ್ಫಟೇಸ್ 130 ಇದ್ದು ಮಿತಿ 120 ಆದರೆ ಉತ್ತರ ಸುಮಾರು 7, ಅಂದರೆ ಜೀವಕೋಶದ ಪೆಟ್ಟು. ಈ ಲೆಕ್ಕ ಉಪಯೋಗಕ್ಕೆ ಬರುವುದು ಏರಿಕೆ ಎದ್ದು ಕಾಣುವಾಗ. ಎರಡೂ ಮಿತಿಯ ಅಂಚಿನಲ್ಲೇ ಇದ್ದರೆ ಭಾಗಾಕಾರದಿಂದ ಏನೂ ತಿಳಿಯದು.

ಫಾಸ್ಫಟೇಸ್ ಒಂದೇ ಏರಿದ್ದರೆ ಲಿವರಿನ ಇನ್ನೊಂದು ಎಂಜೈಮಾದ ಜಿಜಿಟಿ ನೋಡಿ. ಜಿಜಿಟಿ ಸರಿಯಿದ್ದರೆ ಮೂಲ ಮೂಳೆ, ನಮ್ಮಲ್ಲಿ ಹಲವು ಸಲ ವಿಟಮಿನ್ ಡಿ ಕೊರತೆ. ಬಿಲಿರುಬಿನ್ ಮಾತ್ರ 1.5ರಿಂದ 3ರೊಳಗೆ ಏರಿ, ಅದೂ ಪರೋಕ್ಷದ (ಇಂಡೈರೆಕ್ಟ್) ಭಾಗವೇ ಹೆಚ್ಚಿದ್ದು, ಹಿಮೋಗ್ಲೋಬಿನ್ ಮತ್ತು ಉಳಿದದ್ದೆಲ್ಲ ಸರಿಯಿದ್ದರೆ ಅದು ಹುಟ್ಟಿನಿಂದ ಬಂದ ಗಿಲ್ಬರ್ಟ್ ಸ್ವಭಾವ ಆಗಿರುವ ಸಂಭವವೇ ಹೆಚ್ಚು. ಉಪವಾಸ ಮಾಡಿದ ದಿನ ಇನ್ನಷ್ಟು ಏರುತ್ತದೆ, ಚಿಕಿತ್ಸೆ ಬೇಡ.

ಬಲ ಪಕ್ಕೆಯಡಿ ತೀವ್ರ ನೋವಿನ ಜೊತೆ ಎಸ್‌ಜಿಪಿಟಿ ಒಮ್ಮೆಲೇ ನೂರಾರಕ್ಕೆ ಹಾರಿ ಎರಡು ಮೂರು ದಿನದಲ್ಲಿ ಬೇಗಬೇಗ ಇಳಿದರೆ ಪಿತ್ತದ ಕಲ್ಲು ನಾಳದಲ್ಲಿ ಸಿಕ್ಕಿ ಜಾರಿರಬಹುದು. ಸಕ್ಕರೆ ಕಾಯಿಲೆಯವರಲ್ಲಿ ಪಿತ್ತಕಲ್ಲು ಹೆಚ್ಚು. ಜ್ವರ, ನಡುಕವೂ ಸೇರಿದರೆ ತುರ್ತು.

ಮಳೆಗಾಲದ ವರದಿ ಬೇರೆ ರೀತಿ ಓದಬೇಕು

ಜೂನ್‌ನಿಂದ ಅಕ್ಟೋಬರ್‌ವರೆಗೆ ಜ್ವರದ ಜೊತೆ ಬಂದ ಎಂಜೈಮಿನ ಏರಿಕೆಯನ್ನು ಫ್ಯಾಟಿ ಲಿವರಿನ, ಅಂದರೆ ಲಿವರಿನಲ್ಲಿ ಕೊಬ್ಬು ತುಂಬುವ ಕಾಯಿಲೆಯ, ಲೆಕ್ಕಕ್ಕೆ ಸೇರಿಸಬಾರದು. ಮೂರು ಕಾಯಿಲೆಗಳು ಮೂರು ಗುರುತು ಬಿಡುತ್ತವೆ.

ಡೆಂಗಿಯಲ್ಲಿ ಎಸ್‌ಜಿಒಟಿ ಎಸ್‌ಜಿಪಿಟಿಗಿಂತ ಮುಂದಿರುತ್ತದೆ, ಪ್ಲೇಟ್‌ಲೆಟ್ ಇಳಿಯುತ್ತದೆ. ಇಲಿಜ್ವರದಲ್ಲಿ ಬಿಲಿರುಬಿನ್ ಬಹಳ ಏರಿ ಎಂಜೈಮು ಅಷ್ಟಾಗಿ ಏರುವುದಿಲ್ಲ, ಹೆಚ್ಚಿನವರಲ್ಲಿ 200ರೊಳಗೆ. ಮೀನಖಂಡ ಮುಟ್ಟಲಾಗದಷ್ಟು ನೋವು, ಸಿಪಿಕೆ ಏರಿಕೆ, ಮೂತ್ರಪಿಂಡದ ಅಳತೆಯಾದ ಕ್ರಿಯೇಟಿನಿನ್ನಿನ ಏರಿಕೆ ಜೊತೆಗಿರುತ್ತದೆ. ಗದ್ದೆ, ತೋಟದ ಕಣಿ, ಹಟ್ಟಿ ಶುಚಿ ಮಾಡುವ ಕೆಲಸದವರಿಗೆ ಇದು ಬರುವುದು ಹೆಚ್ಚು. ಸಕ್ಕರೆ ಕಾಯಿಲೆಯವರ ಪಾದದಲ್ಲಿ ನೋವಿಲ್ಲದ ಬಿರುಕು, ಗಾಯ ಇರುವುದರಿಂದ ರೋಗಾಣು ಒಳಹೋಗಲು ದಾರಿ ತೆರೆದೇ ಇರುತ್ತದೆ. ಇಂಥವರು ವಾರಕ್ಕೊಮ್ಮೆ 200 ಮಿಲಿಗ್ರಾಂ ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯಾಟಿಕ್ ಮುಂಜಾಗ್ರತೆಗೆ ತೆಗೆದುಕೊಳ್ಳುವ ಬಗ್ಗೆ ಕುಟುಂಬ ಆರೋಗ್ಯ ಕೇಂದ್ರದಲ್ಲಿ ಕೇಳಬೇಕು. ಮೂರನೆಯದು ಹೆಪಟೈಟಿಸ್ ಎ: ಎಸ್‌ಜಿಪಿಟಿ ಸಾವಿರ ದಾಟುತ್ತದೆ, ವಾಂತಿ, ಹಸಿವಿಲ್ಲದಿರುವುದು, ನಂತರ ಹಳದಿ. ಬಾವಿಗೆ ಶೌಚಗುಂಡಿಯ ನೀರು ಸೇರುವ ಕಡೆ ಇದು ಮನೆಯಿಂದ ಮನೆಗೆ ಹಬ್ಬುತ್ತದೆ.

ಜ್ವರ ಬಿಟ್ಟು ಆರು ವಾರ ಕಳೆದ ಮೇಲೆ ಬರುವ ವರದಿಯೇ ನಿಮ್ಮ ನಿಜವಾದ ಮಟ್ಟ.

ಮಾತ್ರೆ, ಕಷಾಯ, ಪುಡಿ: ಎಲ್ಲವನ್ನೂ ಮೇಜಿನ ಮೇಲೆ ಇಡಿ

ಬಾಯಲ್ಲಿ ಹೇಳುವ ಪಟ್ಟಿ ನಂಬಬೇಡಿ. ಗಡಿಭಾಗದ ಹಿರಿಯರಿಗೆ ಮದ್ದಿನ ಕವರಿನ ಮಲಯಾಳ ಬರಹ ಓದಲು ಬಾರದು, ಮಾತ್ರೆಯ ಹಾಳೆಯ ಇಂಗ್ಲಿಷೂ ಬಾರದು. ಕಾಸರಗೋಡಿನಲ್ಲಿ ಒಬ್ಬ ವೈದ್ಯರು, ಮಂಗಳೂರಿನಲ್ಲಿ ಇನ್ನೊಬ್ಬರು ಬರೆದು ಒಂದೇ ಮದ್ದು ಎರಡು ಹೆಸರಿನಲ್ಲಿ ಹೊಟ್ಟೆ ಸೇರುವುದುಂಟು. ಕಳೆದ ಆರು ತಿಂಗಳಲ್ಲಿ ಬಾಯಿಗೆ ಹಾಕಿದ ಪ್ರತಿಯೊಂದರ ಹಾಳೆ, ಬಾಟಲಿ, ಡಬ್ಬಿಯನ್ನೂ ಚೀಲದಲ್ಲಿ ತನ್ನಿ, ಯಾವುದು ಯಾವಾಗ ಶುರುವಾಯಿತು ಎಂದು ಪಕ್ಕದಲ್ಲಿ ಬರೆಯಿರಿ. ದಿನಾಂಕವೇ ಇಲ್ಲಿ ಮುಖ್ಯ ಸಾಕ್ಷಿ.

ಮೆಟ್‌ಫಾರ್ಮಿನ್ ಲಿವರನ್ನು ಕೆಡಿಸುವುದಿಲ್ಲ. ಎಂಜೈಮು ಸ್ವಲ್ಪ ಏರಿದ ಮಾತ್ರಕ್ಕೆ ನಿಲ್ಲಿಸಬೇಕಾಗಿಲ್ಲ. ಹೊಟ್ಟೆಯಲ್ಲಿ ನೀರು ತುಂಬುವ ಹಂತದ ಸಿರೋಸಿಸ್ (ನಾರು ಕಟ್ಟಿ ಲಿವರು ಗಟ್ಟಿಯಾಗಿರುವುದು), ವಿಪರೀತ ಕುಡಿತ, ಮೂತ್ರಪಿಂಡ ತೀರ ಸೋತಿರುವುದು, ಇವುಗಳಲ್ಲಿ ಮಾತ್ರ ಲ್ಯಾಕ್ಟಿಕ್ ಆಮ್ಲ ಏರುವ ಭಯಕ್ಕೆ ಬಿಡುತ್ತಾರೆ. ಸ್ಟಾಟಿನ್, ಅಂದರೆ ಅಟೋರ್ವಾಸ್ಟಾಟಿನ್, ರೋಸುವಾಸ್ಟಾಟಿನ್ ಮುಂತಾದ ಕೊಲೆಸ್ಟರಾಲಿನ ಮಾತ್ರೆ, ಶುರುಮಾಡಿದ ಮೊದಲ ತಿಂಗಳುಗಳಲ್ಲಿ ಎಸ್‌ಜಿಪಿಟಿ ತುಸು ಏರಿ ತಾನೇ ಇಳಿಯುವುದುಂಟು. ಮೂರು ಪಟ್ಟು ದಾಟಿ, ಪುನಃ ಪರೀಕ್ಷಿಸಿದಾಗಲೂ ಹಾಗೆಯೇ ಇದ್ದರೆ ಮಾತ್ರ ವೈದ್ಯರು ಪ್ರಮಾಣ ಇಳಿಸುತ್ತಾರೆ ಅಥವಾ ಬದಲಿಸುತ್ತಾರೆ. ಫ್ಯಾಟಿ ಲಿವರ್ ಇರುವ ಸಕ್ಕರೆ ಕಾಯಿಲೆಯವರ ಪ್ರಾಣಕ್ಕೆ ಲಿವರಿಗಿಂತ ಹೆಚ್ಚು ಅಪಾಯ ಹೃದಯದಿಂದ. ಎಸ್‌ಜಿಪಿಟಿ 60 ಎಂದು ಸ್ಟಾಟಿನ್ ಕಿತ್ತು ಹಾಕುವುದು ನಮ್ಮ ಊರುಗಳಲ್ಲಿ ನಡೆಯುವ ಅತಿ ದುಬಾರಿ ತಪ್ಪು.

ವಿಲ್ಡಾಗ್ಲಿಪ್ಟಿನ್ ಎಂಬ ಸಕ್ಕರೆಯ ಮಾತ್ರೆ ಈಗ ಕಡಿಮೆ ಬೆಲೆಗೆ ಸಿಗುವುದರಿಂದ ಬಹಳ ಮಂದಿ ತಿನ್ನುತ್ತಾರೆ. ಶುರುಮಾಡುವ ಮೊದಲೂ, ಮೊದಲ ವರ್ಷ ಮೂರು ತಿಂಗಳಿಗೊಮ್ಮೆಯೂ ಲಿವರ್ ಪರೀಕ್ಷೆ ಆಗಬೇಕು. ಎಂಜೈಮು ಮೂರು ಪಟ್ಟಿಗಿಂತ ಹೆಚ್ಚಿದ್ದರೆ ಕೊಡಬಾರದು. ಈ ಪರೀಕ್ಷೆ ಆಗದೇ ಹೋಗುವುದೇ ಹೆಚ್ಚು, ಹಾಗಾಗಿ ನೀವೇ ನೆನಪಿಸಿ. ಅಮಾಕ್ಸಿಸಿಲಿನ್-ಕ್ಲಾವುಲಾನೇಟ್ ಎಂಬ ಆಂಟಿಬಯಾಟಿಕ್ ಮುಗಿದ ಕೆಲವು ವಾರಗಳ ಮೇಲೂ ಕಾಮಾಲೆ ತರಬಲ್ಲದು, ಆದ್ದರಿಂದ ಮುಗಿದ ಮದ್ದನ್ನೂ ಪಟ್ಟಿಯಲ್ಲಿ ಸೇರಿಸಿ. ಕ್ಷಯದ ಚಿಕಿತ್ಸೆಯಲ್ಲಿರುವವರಿಗೆ ನಿಯಮ ಖಚಿತ: ಲಕ್ಷಣ ಇಲ್ಲದಿದ್ದರೆ ಐದು ಪಟ್ಟು, ವಾಂತಿ ಅಥವಾ ಹಳದಿ ಇದ್ದರೆ ಮೂರು ಪಟ್ಟು ದಾಟಿದಾಗ ವೈದ್ಯರ ಸೂಚನೆಯಂತೆ ಮದ್ದು ತಡೆಹಿಡಿಯಬೇಕು. ಸ್ಟಿರಾಯ್ಡ್, ಮೆಥೋಟ್ರೆಕ್ಸೇಟ್, ಅಮಿಯೋಡರೋನ್, ಟಮೋಕ್ಸಿಫೆನ್, ವಾಲ್ಪ್ರೊಯೇಟ್ ಇವು ಲಿವರಿನಲ್ಲಿ ಕೊಬ್ಬು ಹೆಚ್ಚಿಸುವಂಥವು.

ಇನ್ನು ಮನೆಮದ್ದು. ಅಮೃತಬಳ್ಳಿಯನ್ನು ಸಕ್ಕರೆಗೂ ಜ್ವರಕ್ಕೂ ಒಳ್ಳೆಯದೆಂದು ತಿಂಗಳುಗಟ್ಟಲೆ ಕುಡಿಯುವವರಿದ್ದಾರೆ. ಕೋವಿಡ್ ಕಾಲದಲ್ಲಿ ಅದರಿಂದ ಲಿವರ್ ಉರಿಯೂತ ಆದವರ ವರದಿಗಳು ನಮ್ಮ ದೇಶದಿಂದಲೇ ಬಂದವು. ದೇಹ ತನ್ನ ಲಿವರಿನ ಮೇಲೆ ತಾನೇ ಎರಗುವ ಬಗೆಯದು, ಥೈರಾಯ್ಡ್ ಮುಂತಾದ ಕಾಯಿಲೆ ಮೊದಲೇ ಇದ್ದವರಿಗೆ ಜಾಸ್ತಿ. ಕರಿಮೆಣಸಿನ ಸಾರ ಸೇರಿಸಿದ ಅರಿಶಿನದ ಕ್ಯಾಪ್ಸೂಲು, ಗ್ರೀನ್ ಟೀ ಸಾರದ ಮಾತ್ರೆ, ತೂಕ ಇಳಿಸುವ ಪುಡಿಗಳಿಂದಲೂ ಹೀಗಾಗುತ್ತದೆ. ಸಾರಿಗೆ ಹಾಕುವ ಅರಿಶಿನಕ್ಕೆ ಈ ದೋಷ ಇಲ್ಲ. ನೆಲನೆಲ್ಲಿ ಕಟ್ಟಿದ ನಾರನ್ನು ಕರಗಿಸುತ್ತದೆ ಎಂಬುದಕ್ಕೆ ನಂಬುವಂಥ ಪುರಾವೆ ಇಲ್ಲ. ಕೊಲೆಸ್ಟರಾಲಿಗೆಂದು ಬಿಂಬುಳಿಯ ರಸ ಕುಡಿಯುವುದಂತೂ ಬೇಡವೇ ಬೇಡ. ಅದರ ಆಕ್ಸಲೇಟ್ ಮೂತ್ರಪಿಂಡದಲ್ಲಿ ಕೂತು ಡಯಾಲಿಸಿಸ್‌ವರೆಗೆ ಹೋದವರು ಕೇರಳದಲ್ಲಿದ್ದಾರೆ. ಪರೀಕ್ಷೆಗೆ ಬೇಕಾದ್ದು ಸರಳ: ಇಂಥದ್ದೆಲ್ಲ ನಿಲ್ಲಿಸಿ, ನಾಲ್ಕರಿಂದ ಎಂಟು ವಾರದಲ್ಲಿ ಪುನಃ ಎಸ್‌ಜಿಪಿಟಿ ನೋಡಿ. ಅರ್ಧಕ್ಕಿಂತ ಕೆಳಗೆ ಇಳಿದರೆ ಕಾರಣ ಹೆಚ್ಚುಕಡಿಮೆ ಸಿಕ್ಕಿತು.

ಕುಡಿತದ ಲೆಕ್ಕ ಗ್ರಾಮಿನಲ್ಲಿ

‘ಯಾವಾಗಲಾದರೊಮ್ಮೆ’ ಎಂಬುದು ಉತ್ತರವಲ್ಲ. 42.8 ಶೇಕಡಾದ ಬ್ರಾಂಡಿ ಅಥವಾ ರಮ್ಮಿನ 60 ಮಿಲಿಲೀಟರಿನಲ್ಲಿ ಸುಮಾರು 20 ಗ್ರಾಂ ಆಲ್ಕೊಹಾಲ್ ಇದೆ, 180ರ ಕ್ವಾರ್ಟರಿನಲ್ಲಿ 60 ಗ್ರಾಂ. 5 ಶೇಕಡಾದ 650 ಮಿಲಿಲೀಟರ್ ಬಿಯರಿನಲ್ಲಿ ಸುಮಾರು 26 ಗ್ರಾಂ. ಕಳ್ಳಿಗೂ ಲೆಕ್ಕ ಇದೆ. ಇಳಿಸಿ ಹೊತ್ತು ಕಳೆದಷ್ಟೂ ಹುಳಿತು ಆಲ್ಕೊಹಾಲ್ ಏರುತ್ತದೆ. ವಾರಕ್ಕೆ ಗಂಡಸರಿಗೆ 210 ಗ್ರಾಂ, ಹೆಂಗಸರಿಗೆ 140 ಗ್ರಾಂ ದಾಟಿದರೆ ಅದನ್ನು ಬರೀ ಸಕ್ಕರೆಯ ಫ್ಯಾಟಿ ಲಿವರ್ ಎಂದು ಕರೆಯಲಾಗದು. ವಾರಕ್ಕೆ ನಾಲ್ಕು ಕ್ವಾರ್ಟರ್ ಆದರೆ 240, ಮಿತಿ ದಾಟಿತು. ಮಿತಿಯೊಳಗಿದ್ದರೆ ಕ್ಷೇಮ ಎಂದು ಇದರ ಅರ್ಥವಲ್ಲ, ಕಾಯಿಲೆಗೆ ಹೆಸರು ಕೊಡಲು ಇಟ್ಟ ಗೆರೆ ಅದು. ನಾರು ಕಟ್ಟಿದವರಿಗೆ ಸೊನ್ನೆಯೇ ಮಿತಿ.

ಎಸ್‌ಜಿಒಟಿ ಎಸ್‌ಜಿಪಿಟಿಯ ಎರಡು ಪಟ್ಟಿಗಿಂತ ಹೆಚ್ಚು, ಜಿಜಿಟಿ ಬಹಳ ಏರಿಕೆ, ರಕ್ತದ ವರದಿಯಲ್ಲಿ ಕೆಂಪು ಕಣದ ಗಾತ್ರ ಹೇಳುವ ಎಂಸಿವಿ 100 ದಾಟಿರುವುದು ಮೂರೂ ಒಟ್ಟಿಗೆ ಕಂಡರೆ ಕುಡಿತದ ಕಡೆಗೇ ಬೆರಳು. ಕುಡಿತದಿಂದ ಎಸ್‌ಜಿಒಟಿ 300 ದಾಟುವುದು ಅಪರೂಪ, ಹಾಗಾಗಿ 900 ಬಂದರೆ ಬೇರೆ ಕಾರಣವನ್ನೂ ಹುಡುಕಿ. ಮನೆಮಂದಿಯ ಎದುರು ನಿಜ ಹೊರಡುವುದಿಲ್ಲ. ಒಬ್ಬರನ್ನೇ ಕೂರಿಸಿ, ಬೈಯದೆ ಕೇಳಿ.

ಒಮ್ಮೆ ಮಾಡಿಸಬೇಕಾದ ಪರೀಕ್ಷೆಗಳು

ಎಚ್‌ಬಿಎಸ್‌ಎಜಿ ಮತ್ತು ಎಚ್‌ಸಿವಿ ಆ್ಯಂಟಿಬಾಡಿ (ಹೆಪಟೈಟಿಸ್ ಬಿ, ಸಿ ವೈರಸ್ಸಿನ ಪರೀಕ್ಷೆಗಳು) ಪ್ರತಿಯೊಬ್ಬರಿಗೂ. ಬಿ ನೆಗೆಟಿವ್ ಬಂದರೆ 0, 1, 6 ತಿಂಗಳ ಲಸಿಕೆ ಹಾಕಿಸಿಕೊಳ್ಳಿ. ಹೊಟ್ಟೆಯ ಅಲ್ಟ್ರಾಸೌಂಡ್, ಥೈರಾಯ್ಡಿನ ಪರೀಕ್ಷೆಯಾದ ಟಿಎಸ್‌ಎಚ್ ಜೊತೆಗಿರಲಿ. ಆರು ತಿಂಗಳು ಕಳೆದರೂ ಕಾರಣ ಸಿಗದಿದ್ದರೆ ದೇಹ ತನ್ನ ಲಿವರಿನ ಮೇಲೆ ತಾನೇ ಎರಗಿದೆಯೇ ಎಂದು ನೋಡಲು ಎಎನ್ಎ, ಐಜಿಜಿ, ಕಬ್ಬಿಣ ಹೆಚ್ಚಿದೆಯೇ ಎಂದು ನೋಡಲು ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್, ನಲವತ್ತರೊಳಗಿನವರಿಗೆ ತಾಮ್ರ ಕೂಡಿಕೊಳ್ಳುವ ಕಾಯಿಲೆಗಾಗಿ ಸೆರುಲೋಪ್ಲಾಸ್ಮಿನ್. ಫೆರಿಟಿನ್ ಒಂದೇ ಏರಿದ್ದರೆ ಕಬ್ಬಿಣ ಜಾಸ್ತಿಯಾಯಿತೆಂದು ಹೆದರಬೇಡಿ, ಫ್ಯಾಟಿ ಲಿವರಿನಲ್ಲೇ ಅದು ಏರುತ್ತದೆ.

ಫ್ಯಾಟಿ ಲಿವರ್: ಆಳ ಅಳೆಯುವುದು ಹೇಗೆ

ಮೇಲಿನದ್ದೆಲ್ಲ ಕಳೆದು ಉಳಿಯುವುದು ಹೆಚ್ಚಾಗಿ ಇದೇ. ಎರಡನೇ ವಿಧದ ಸಕ್ಕರೆ ಕಾಯಿಲೆಯವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಲಿವರಿನಲ್ಲಿ ಕೊಬ್ಬು ತುಂಬಿರುತ್ತದೆ. ಇನ್ಸುಲಿನ್ ಮಾತು ಕೇಳದ ಕೊಬ್ಬಿನ ಅಂಗಾಂಶದಿಂದ ಕೊಬ್ಬಿನಾಮ್ಲ ಸದಾ ಲಿವರಿಗೆ ಹರಿಯುತ್ತದೆ, ಜೊತೆಗೆ ಲಿವರು ಹೆಚ್ಚಾದ ಸಕ್ಕರೆಯಿಂದ ತಾನೂ ಕೊಬ್ಬು ತಯಾರಿಸುತ್ತದೆ. ಸಣಕಲಾಗಿ ಕಾಣುವವರೂ ಹೊರಗಲ್ಲ: ನಮ್ಮವರಿಗೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 23ರಿಂದಲೇ ಹೆಚ್ಚು ತೂಕ, ಸೊಂಟ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಗೆರೆ. 2021ರಲ್ಲಿ ಕೇಂದ್ರ ಸರ್ಕಾರ ಫ್ಯಾಟಿ ಲಿವರನ್ನೂ ಸಕ್ಕರೆ, ಬಿಪಿಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿದ್ದು ಇದಕ್ಕೇ.

ಸ್ಕ್ಯಾನಿಂಗಿನ ಗ್ರೇಡ್ 1, ಗ್ರೇಡ್ 2 ನೋಡಿ ಆಳ ಅಳೆಯಬೇಡಿ. ಅದು ಕೊಬ್ಬಿನ ಹೊಳಪು ಹೇಳುತ್ತದೆ, ನಾರಿನ ವಿಷಯ ಹೇಳುವುದಿಲ್ಲ. ಕೊಬ್ಬು 20 ಶೇಕಡಾಕ್ಕಿಂತ ಕಡಿಮೆ ಇದ್ದರೆ ಕಾಣದೆಯೂ ಹೋಗಬಹುದು. ನಾರಿಗೆ ಬೇಕಾದದ್ದು ಫಿಬ್-4 ಲೆಕ್ಕ, ಅದಕ್ಕೆ ಬೇಕಾದ ನಾಲ್ಕು ಅಂಕಿಗಳು ನಿಮ್ಮ ಕೈಯಲ್ಲೇ ಇವೆ. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ. ಪ್ಲೇಟ್‌ಲೆಟ್‌ನ ಸಂಖ್ಯೆಯನ್ನು (1.72 ಲಕ್ಷ ಇದ್ದರೆ 172 ಎಂದು ತೆಗೆದುಕೊಳ್ಳಿ) ಎಸ್‌ಜಿಪಿಟಿಯ ವರ್ಗಮೂಲದಿಂದ ಗುಣಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ.

ಮೊದಲು ಹೇಳಿದ 62, 46ರ ವರದಿ 58 ವರ್ಷದವರದ್ದು, ಪ್ಲೇಟ್‌ಲೆಟ್ 1.72 ಲಕ್ಷ ಎಂದಿಟ್ಟುಕೊಳ್ಳಿ. 58ನ್ನು 46ರಿಂದ ಗುಣಿಸಿದರೆ 2668. 62ರ ವರ್ಗಮೂಲ 7.87, ಅದನ್ನು 172ರಿಂದ ಗುಣಿಸಿದರೆ ಸುಮಾರು 1354. ಉತ್ತರ 1.97. ಪ್ಲೇಟ್‌ಲೆಟ್ 2.8 ಲಕ್ಷ ಇದ್ದಿದ್ದರೆ ಅದೇ ಎಂಜೈಮಿಗೆ 1.21 ಬರುತ್ತಿತ್ತು. 1.3ಕ್ಕಿಂತ ಕಡಿಮೆ ಆದರೆ ಮುಂದುವರಿದ ನಾರಿನ ಸಂಭವ ಕಡಿಮೆ. 65 ದಾಟಿದವರಿಗೆ ಈ ಗೆರೆ 2. ಅಲ್ಲಿಂದ 2.67ರವರೆಗೆ ಅನುಮಾನದ ಪಟ್ಟಿ, ಲಿವರಿನ ಗಡಸುತನ ಅಳೆಯುವ ಫೈಬ್ರೋಸ್ಕ್ಯಾನ್ ಬೇಕು. 2.67 ದಾಟಿದರೆ ಲಿವರ್ ತಜ್ಞರು. 35ರೊಳಗಿನವರಿಗೆ ಈ ಲೆಕ್ಕ ಹೊಂದುವುದಿಲ್ಲ.

ಈಗ 67 ವರ್ಷದ ಇನ್ನೊಬ್ಬರನ್ನು ನೋಡಿ. ಎಸ್‌ಜಿಒಟಿ 31, ಎಸ್‌ಜಿಪಿಟಿ 24, ಲ್ಯಾಬಿನ ಪ್ರಕಾರ ಎರಡೂ ಸರಿ. ಪ್ಲೇಟ್‌ಲೆಟ್ 1.38 ಲಕ್ಷ. ಲೆಕ್ಕ ಹಾಕಿದರೆ 3.07. ನಾರು ಹೆಚ್ಚಾದಂತೆ ಸೋರಲು ಉಳಿದ ಜೀವಕೋಶ ಕಡಿಮೆಯಾಗುತ್ತದೆ, ಎಸ್‌ಜಿಪಿಟಿ ಇಳಿದು ಎಸ್‌ಜಿಒಟಿ ಮುಂದಾಗುತ್ತದೆ, ಗುಲ್ಮ ಊದಿ ಪ್ಲೇಟ್‌ಲೆಟ್ ಕಡಿಮೆಯಾಗುತ್ತದೆ. ವರ್ಷದಿಂದ ವರ್ಷಕ್ಕೆ ಎಸ್‌ಜಿಪಿಟಿ 70, 48, 26 ಎಂದು ತಾನಾಗಿ ಇಳಿಯುತ್ತ, ಪ್ಲೇಟ್‌ಲೆಟ್ 2.4, 1.9, 1.4 ಎಂದು ಕುಸಿಯುತ್ತಿದ್ದರೆ ಅದು ಗುಣವಲ್ಲ. ಎಂಜೈಮು ಸರಿಯಿದ್ದರೂ ಸಕ್ಕರೆ ಕಾಯಿಲೆಯವರೆಲ್ಲರಿಗೂ ಫಿಬ್-4 ನೋಡಬೇಕೆಂದು ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಶನ್ ಹೇಳುವುದು ಇದಕ್ಕಾಗಿ.

ಎರಡು ಎಚ್ಚರ. ಡೆಂಗಿ ಜ್ವರದ ಪ್ಲೇಟ್‌ಲೆಟ್ ಹಾಕಿ ಈ ಲೆಕ್ಕ ಮಾಡಬೇಡಿ. ಯಂತ್ರ ಎಣಿಸುವಾಗ ಪ್ಲೇಟ್‌ಲೆಟ್ ಗುಂಪುಗಟ್ಟಿ ಕಡಿಮೆ ತೋರಿಸುವುದೂ ಇದೆ. ಸ್ಮಿಯರ್, ಅಂದರೆ ಗಾಜಿಗೆ ಸವರಿದ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ, ನೋಡಿ ದೃಢಪಡಿಸಲು ಹೇಳಿ. ಫೈಬ್ರೋಸ್ಕ್ಯಾನಿಗೆ ಮೂರು ಗಂಟೆ ಏನೂ ತಿನ್ನದೆ ಹೋಗಿ, ಇಲ್ಲದಿದ್ದರೆ ಅಂಕಿ ಸುಳ್ಳೇ ಏರುತ್ತದೆ. 8 ಕಿಲೋಪಾಸ್ಕಲಿಗಿಂತ ಕಡಿಮೆ ಸಮಾಧಾನ, 12ಕ್ಕಿಂತ ಹೆಚ್ಚು ಆದರೆ ಮುಂದುವರಿದ ನಾರು ಇರುವ ಸಂಭವ ಹೆಚ್ಚು.

ಸರಿಪಡಿಸುವುದು

ತೂಕವೇ ಮುಖ್ಯ ಮದ್ದು. 5 ಶೇಕಡಾ ಇಳಿದರೆ ಕೊಬ್ಬು ಕಡಿಮೆಯಾಗುತ್ತದೆ, 7ರಿಂದ 10 ಇಳಿದರೆ ಉರಿಯೂತ, 10 ದಾಟಿದರೆ ಹಲವರಲ್ಲಿ ನಾರೂ ಹಿಂದೆ ಸರಿಯುತ್ತದೆ. 78 ಕಿಲೋ ಇರುವವರಿಗೆ ಅದು 4, 5.5, 7.8 ಕಿಲೋ. ವಾರಕ್ಕೆ ಅರ್ಧ ಕಿಲೋ ಸಾಕು, ಅವಸರಪಟ್ಟರೆ ಪಿತ್ತಕಲ್ಲು. ಕುಚ್ಚಿಲಕ್ಕಿ ಅನ್ನ ಬಿಡಬೇಕೆಂದಿಲ್ಲ, ಆದರೆ ರಾತ್ರಿಯ ಗಂಜಿಗೆ ಎರಡನೇ ಸೌಟು ಬೇಡ, ತಟ್ಟೆಯ ಅರ್ಧ ತರಕಾರಿ ಇರಲಿ. ಬೇಕರಿ, ಶರಬತ್ತು, ಬಾಟಲಿ ಪಾನೀಯ ಪೂರ್ತಿ ಬಿಡಿ. ತೆಂಗಿನೆಣ್ಣೆಯ ಕೊಬ್ಬು ಹೆಚ್ಚಿನದು ಪೂರಿತ ಕೊಬ್ಬು, ಅದು ಲಿವರಿನ ಕೊಬ್ಬು ಹೆಚ್ಚಿಸುವ ಬಗೆಯದು. ಒಬ್ಬರಿಗೆ ದಿನಕ್ಕೆ ಎಲ್ಲ ಎಣ್ಣೆ ಸೇರಿ ಮೂರು ನಾಲ್ಕು ಟೀ ಚಮಚ. ಸಕ್ಕರೆ ಹಾಕದ ಕಾಫಿ ಎರಡು ಮೂರು ಲೋಟ ಕುಡಿಯುವವರಲ್ಲಿ ನಾರು ಕಡಿಮೆ ಕಂಡಿದೆ, ಬಿಡಬೇಕಾಗಿಲ್ಲ.

ಸಕ್ಕರೆಯ ಮದ್ದು ಆರಿಸುವಾಗಲೇ ಲಿವರಿಗೂ ಉಪಕಾರ ಆಗುವಂಥದ್ದನ್ನು ಕೇಳಬಹುದು. ಪಯೋಗ್ಲಿಟಜೋನ್ ಉರಿಯೂತ ಇಳಿಸುತ್ತದೆ, ಬೆಲೆ ಕಡಿಮೆ. ಆದರೆ ಕಾಲು ಊತ, ತೂಕ ಏರಿಕೆ ಇದೆ, ಹೃದಯ ವೈಫಲ್ಯ ಇದ್ದವರಿಗೆ ಕೂಡದು. ಸಕ್ಕರೆ, ತೂಕ ಎರಡನ್ನೂ ಇಳಿಸುವ ಸೆಮಾಗ್ಲುಟೈಡಿಗೆ ನಾರು ಕಟ್ಟಿದ ಫ್ಯಾಟಿ ಲಿವರಿಗೆಂದು ಅಮೆರಿಕದಲ್ಲಿ 2025ರ ಆಗಸ್ಟಿನಲ್ಲಿ ಒಪ್ಪಿಗೆ ಸಿಕ್ಕಿತು. ನಮ್ಮ ದೇಶದಲ್ಲಿ ಸರೋಗ್ಲಿಟಜಾರ್ ಎಂಬ ಮದ್ದಿನ 4 ಮಿಲಿಗ್ರಾಮಿಗೆ ಫ್ಯಾಟಿ ಲಿವರಿಗೆಂದು 2020ರಲ್ಲಿ ಒಪ್ಪಿಗೆ ಬಂದಿದೆ.

ಕೊನೆಗೊಂದು ಗುರುತು, ಮನೆಯವರೇ ಮೊದಲು ಕಾಣುವಂಥದ್ದು. ವರ್ಷಗಟ್ಟಲೆ ಹತೋಟಿಗೆ ಬಾರದ ಸಕ್ಕರೆ ಮದ್ದು ಬದಲಿಸದೆಯೇ ಇಳಿಯತೊಡಗಿ, ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ತಿಂದ ರಾತ್ರಿ ಬೆವರಿ ನಡುಗುವುದು ಶುರುವಾದರೆ ಸಿರೋಸಿಸ್ ಮತ್ತು ಮೂತ್ರಪಿಂಡ ಎರಡನ್ನೂ ನೋಡಬೇಕು. ಸೋತ ಲಿವರಿಗೆ ಸಕ್ಕರೆ ಕೂಡಿಟ್ಟು ಬಿಡುಗಡೆ ಮಾಡುವ ಶಕ್ತಿ ಇರುವುದಿಲ್ಲ. ಆಗ ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ ಕೂಡ ನಿಜಕ್ಕಿಂತ ಕಡಿಮೆ ತೋರಿಸುತ್ತದೆ, ಕೆಂಪು ಕಣಗಳ ಆಯುಷ್ಯವೇ ಕುಗ್ಗಿರುವುದರಿಂದ. ಮನೆಯ ಗ್ಲುಕೋಮೀಟರಿನ ಅಂಕಿಯನ್ನು ನಂಬಿ. ಸಿರೋಸಿಸ್ ದೃಢವಾದರೆ ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮತ್ತು ಎಎಫ್‌ಪಿ ಎಂಬ ರಕ್ತ ಪರೀಕ್ಷೆ ತಪ್ಪಿಸಬಾರದು, ಲಿವರ್ ಕ್ಯಾನ್ಸರಿನ ಗಡ್ಡೆ ಚಿಕ್ಕದಿರುವಾಗಲೇ ಸಿಗಬೇಕು. ಫಿಬ್-4 ಗೆರೆಯ ಕೆಳಗಿರುವವರಿಗೆ ಒಂದೆರಡು ವರ್ಷಕ್ಕೊಮ್ಮೆ ಅದೇ ನಾಲ್ಕು ಅಂಕಿಗಳ ಲೆಕ್ಕ ಪುನಃ ಹಾಕಿದರೆ ಸಾಕು.